ಕಾಪು ದೀಪಸ್ತಂಭದ ಹುಣ್ಣಿಮೆ ಚಿತ್ರ: ಹಗಲಾಗಿ ಹೋದ ರಾತ್ರಿಯನ್ನು ಸರಿಪಡಿಸಿದ ಬಗೆ

ಈ ಪ್ರಕರಣದ ಚಿತ್ರ ಉಡುಪಿ ಬಳಿಯ ಕಾಪುವಿನದು. 1901ರಲ್ಲಿ ಕಟ್ಟಿದ ದೀಪಸ್ತಂಭ, ಅದು ನಿಂತಿರುವ ಬಂಡೆ, ಮುಂದೆ ಒದ್ದೆ ಮರಳು, ಹಿಂದೆ ಅರಬ್ಬಿ ಸಮುದ್ರ. ಪುಷ್ಯ ಹುಣ್ಣಿಮೆಯ ಬೆಳಗಿನ ಜಾವ ಐದು ಗಂಟೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಚಂದ್ರ ಸಂಜೆ ಹುಟ್ಟುವುದು ಘಟ್ಟದ ಕಡೆಯಿಂದ, ತೆಂಗಿನ ತೋಟಗಳ ಮೇಲಿಂದ. ಕಡಲು, ಚಂದ್ರ, ದೀಪಸ್ತಂಭ ಮೂರೂ ಒಂದೇ ಚೌಕಟ್ಟಿನಲ್ಲಿ ಬೇಕೆಂದರೆ ಚಂದ್ರ ಪಡುವಣಕ್ಕೆ ಇಳಿಯುವ ತನಕ ಕಾಯಲೇಬೇಕು. ಪುಷ್ಯದಲ್ಲಿ ಐದರ ಹೊತ್ತಿಗೆ ಅವನು ಪಶ್ಚಿಮದಿಂದ ತುಸು ವಾಯವ್ಯಕ್ಕೆ ವಾಲಿ, ದಿಗಂತದಿಂದ ಸುಮಾರು 25 ಡಿಗ್ರಿ ಮೇಲಿರುತ್ತಾನೆ. ಸೂರ್ಯೋದಯಕ್ಕೆ ಇನ್ನೂ ಎರಡು ಗಂಟೆಯ ಆಸುಪಾಸು ಇರುವುದರಿಂದ ಬೆಳಗಿನ ನಸುಬೆಳಕು ಸೇರಿಕೊಂಡಿರುವುದಿಲ್ಲ. ಆಷಾಢ, ಶ್ರಾವಣದ ಹುಣ್ಣಿಮೆಗಳು ಇಲ್ಲಿ ಹೆಚ್ಚಾಗಿ ಮೋಡದೊಳಗೇ ಕಳೆದುಹೋಗುತ್ತವೆ. ಈ ಕೆಲಸಕ್ಕೆ ಒದಗುವುದು ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಳಿ ಆಕಾಶ.

ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರ್), ಲೆನ್ಸ್ 24 ಮಿ.ಮೀ., ಚೌಕಟ್ಟು ನಿಲುವಾಗಿ. ಚಿತ್ರ ಬೇಕಾಗಿದ್ದುದು ಒಂದು ಹೋಂಸ್ಟೇಯ ಗೋಡೆಗೆ, 16×24 ಇಂಚಿನ ಪ್ರಿಂಟ್ ಆಗಿ. 4000×6000 ಪಿಕ್ಸೆಲ್‌ನ ಫೈಲ್‌ಗೆ ಅದು ಇಂಚಿಗೆ 250 ಪಿಕ್ಸೆಲ್, ಅಂದರೆ ಹಿಗ್ಗಿಸುವ ಅಗತ್ಯವಿಲ್ಲ.

ಕಾರ್ಡ್‌ನಲ್ಲಿ ಟ್ರೈಪಾಡ್ ಕದಲಿಸದೆ ತೆಗೆದ ನಾಲ್ಕು ಬಗೆಯ ರಾ ಫೈಲ್‌ಗಳಿದ್ದವು, ಅಂದರೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇದ್ದಂತೆ ಉಳಿಸಿದ ಫೈಲ್‌ಗಳು. ಮೂರರಲ್ಲಿ ಎಫ್/4 (ಲೆನ್ಸ್‌ನ ಕಿಂಡಿ, ಅಂದರೆ ಅಪರ್ಚರ್), ಐಎಸ್‌ಒ 800 (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಒಂದೇ. ಸಮಯ ಮಾತ್ರ 20 ಸೆಕೆಂಡ್, 2.5 ಸೆಕೆಂಡ್, 1.3 ಸೆಕೆಂಡ್. ನಾಲ್ಕನೆಯದು ಚಂದ್ರನಿಗಾಗಿಯೇ ತೆಗೆದದ್ದು: ಎಫ್/8, ಐಎಸ್‌ಒ 100, 1/125 ಸೆಕೆಂಡ್. ಇವುಗಳ ಜೊತೆಗೆ ಕೊನೆಯಲ್ಲಿ ಲೆನ್ಸ್‌ಗೆ ಮುಚ್ಚಳ ಹಾಕಿ, ಐಎಸ್‌ಒ 800, 20 ಸೆಕೆಂಡ್‌ಗೆ ತೆಗೆದ ನಾಲ್ಕು ಕಪ್ಪು ಫ್ರೇಮ್‌ಗಳೂ ಇದ್ದವು, ಸೆನ್ಸರ್ ತಾನೇ ಹುಟ್ಟಿಸುವ ಚುಕ್ಕಿಗಳನ್ನು ಆಮೇಲೆ ಚಿತ್ರದಿಂದ ಕಳೆಯಲು. ಇಷ್ಟು ಸಾಮಗ್ರಿ ಇದ್ದೂ ಮೊದಲ ಎಡಿಟ್ ಕೆಟ್ಟಿತ್ತು.

ಮೊದಲ ಎಡಿಟ್‌ನಲ್ಲಿ ಆಗಿದ್ದೇನು

ಆಯ್ಕೆಯಾದದ್ದು 2.5 ಸೆಕೆಂಡ್‌ನ ಫೈಲ್. ಕತ್ತಲಲ್ಲಿ ಕ್ಯಾಮೆರಾದ ಪರದೆ ನೋಡಿದಾಗ ಅದೇ ಸರಿಯಾಗಿ ಕಂಡಿತ್ತು. 20 ಸೆಕೆಂಡ್‌ನದು ನಡುಹಗಲಿನ ಚಿತ್ರದಂತೆ ಕಂಡದ್ದರಿಂದ ಬದಿಗೆ ಸರಿದಿತ್ತು. ಆಮೇಲೆ ಕಂಪ್ಯೂಟರ್‌ನಲ್ಲಿ ತೆರೆದಾಗ 2.5 ಸೆಕೆಂಡ್‌ನದು ಮಸಿಯಷ್ಟು ಕಪ್ಪಾಗಿತ್ತು. ಆಗ ಆಟೋ ಬಟನ್, ಎಕ್ಸ್‌ಪೋಷರ್ ಏರಿಕೆ, ಶ್ಯಾಡೋ ಪೂರ್ತಿ ಬಲಕ್ಕೆ, ಮಂಜು ತೆಗೆಯುವ ಹೇಜ್ ರಿಮೂವಲ್, ಕೊನೆಗೆ ಬಣ್ಣಕ್ಕೆ ಚಿತ್ರವನ್ನು ನೀಲಿಗೆ ತಿರುಗಿಸುವ ಟಂಗ್‌ಸ್ಟನ್ ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲನ).

ಫಲಿತಾಂಶ ಹೀಗಿತ್ತು. ಮರಳಿನಲ್ಲಿ ನೇರಳೆ ಛಾಯೆ, ಒದ್ದೆ ಬಂಡೆಯ ನೆರಳಲ್ಲಿ ಕೆಂಪು, ನೀಲಿ ಚುಕ್ಕಿಗಳು. ಆಕಾಶದಲ್ಲಿ ಚಂದ್ರನ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಬಳೆಗಳು. ಚಂದ್ರ ಒಂದು ಬಿಳಿ ತೂತು. ದೀಪಸ್ತಂಭದ ಅಂಚಿಗೆ ಬೆಳ್ಳನೆಯ ಗೆರೆ. ಇಡೀ ಚಿತ್ರಕ್ಕೆ ಗಾಢ ನೀಲಿ. ದಿಗಂತದ ತುಸು ಮೇಲೆ ಒಂದು ಹಸಿರು ಬೆಳಕಿನ ಚುಕ್ಕೆ ಬೇರೆ. ಎಡಿಟ್ ಮಾಡಿದವರು ಅದನ್ನು ಮೀನುಗಾರಿಕೆ ದೋಣಿಯ ದೀಪ ಅಂದುಕೊಂಡು ಹಾಗೇ ಉಳಿಸಿಕೊಂಡಿದ್ದರು.

ಈ ಒಂದೊಂದಕ್ಕೂ ಬೇರೆ ಬೇರೆ ಕಾರಣವಿದೆ. ಆದರೆ ಬಹುಪಾಲು ಬೇರು ಒಂದೇ: ಕಡಮೆ ಬೆಳಕು ಹಿಡಿದ ಫೈಲನ್ನು ಮೇಲಕ್ಕೆತ್ತಲು ಹೊರಟದ್ದು. ಹುಣ್ಣಿಮೆ ಚಿತ್ರದಲ್ಲಿ ದಾರಿ ಉಲ್ಟಾ. ಕಡಲತೀರದಲ್ಲಿ ಧಾರಾಳವಾಗಿ ಬೆಳಕು ಹಿಡಿದಿಟ್ಟುಕೊಂಡು, ಮನೆಗೆ ಬಂದ ಮೇಲೆ ರಾತ್ರಿ ಅನ್ನಿಸುವ ಮಟ್ಟಕ್ಕೆ ಇಳಿಸಬೇಕು. ಎಷ್ಟು ಇಳಿಸಬೇಕು ಅನ್ನುವ ತೀರ್ಮಾನವೇ ಇಲ್ಲಿ ಎಡಿಟಿಂಗ್‌ನ ತಿರುಳು.

ಬೆಳಕಿನ ಲೆಕ್ಕ

ಬೆಳದಿಂಗಳು ಅಂದರೆ ಚಂದ್ರನ ಮೇಲೆ ಬಿದ್ದು ತಿರುಗಿ ಬಂದ ಬಿಸಿಲೇ. ಸೂರ್ಯನಿಗೂ ಹುಣ್ಣಿಮೆ ಚಂದ್ರನಿಗೂ ಹೊಳಪಿನಲ್ಲಿ ಸುಮಾರು ನಾಲ್ಕು ಲಕ್ಷ ಪಟ್ಟು ವ್ಯತ್ಯಾಸ, ಅಂದರೆ ಹದಿನೆಂಟೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಅಷ್ಟನ್ನು ಸಮಯ, ಐಎಸ್‌ಒ, ಅಪರ್ಚರ್‌ಗಳಲ್ಲಿ ತುಂಬಿಕೊಟ್ಟರೆ ಬರುವುದು ನಕ್ಷತ್ರಗಳಿರುವ ಹಗಲಿನ ಚಿತ್ರ. ಎಫ್/4, ಐಎಸ್‌ಒ 800, 20 ಸೆಕೆಂಡ್ ಹೆಚ್ಚುಕಡಮೆ ಅಲ್ಲಿಗೆ ಮುಟ್ಟುತ್ತದೆ. ಹಾಗಾಗಿ ಆ ಫೈಲ್ ಹಗಲಿನಂತೆ ಕಂಡದ್ದು ತಪ್ಪಲ್ಲ, ಅದು ಸರಿಯಾದ ಎಕ್ಸ್‌ಪೋಷರ್‌ನ ಗುರುತು. ಈ ಅಂಕಿಗಳನ್ನು ಅಷ್ಟಮಿಯ ರಾತ್ರಿಗೆ ಒಯ್ಯಬಾರದು. ಅರ್ಧಚಂದ್ರನ ಬೆಳಕು ಹುಣ್ಣಿಮೆಯದರ ಅರ್ಧವಲ್ಲ, ಸುಮಾರು ಹತ್ತನೇ ಒಂದು ಪಾಲು. ಮೂರು ಸ್ಟಾಪ್‌ಗಿಂತ ಹೆಚ್ಚು ಸೇರಿಸಬೇಕಾಗುತ್ತದೆ.

2.5 ಸೆಕೆಂಡ್‌ನ ಫೈಲ್ ಮೂರು ಸ್ಟಾಪ್ ಕೆಳಗಿದೆ. ಅದು ಹಿಡಿದದ್ದು ಎಂಟನೇ ಒಂದು ಪಾಲು ಬೆಳಕು. ಬೆಳಕಿನದೇ ಸಹಜ ನಾಯ್ಸ್ (ಚುಕ್ಕಿಚುಕ್ಕಿಯ ಗದ್ದಲ) ಅದರ ವರ್ಗಮೂಲದ ಲೆಕ್ಕದಲ್ಲಿ ಇರುವುದರಿಂದ ಸಂಕೇತಕ್ಕೂ ನಾಯ್ಸ್‌ಗೂ ಇರುವ ಅನುಪಾತ 2.8 ಪಟ್ಟು ಕುಸಿಯುತ್ತದೆ. ನೆರಳಲ್ಲಿ ಸೆನ್ಸರ್‌ನ ಸ್ವಂತ ನಾಯ್ಸ್ ಸೇರಿ ಇನ್ನೂ ಕೆಡುತ್ತದೆ. ಅದನ್ನು ಮೂರು ಸ್ಟಾಪ್ ಎತ್ತಿದಾಗ ಈ ಕೊಳೆಯೆಲ್ಲ ಮೇಲೆ ಬಂತು. ನೇರಳೆ ಬಣ್ಣಕ್ಕೂ ಕಾರಣ ಇಲ್ಲೇ ಇದೆ. ವೈಟ್ ಬ್ಯಾಲೆನ್ಸ್ ಸರಿಪಡಿಸುವಾಗ ಸಾಫ್ಟ್‌ವೇರ್ ಕೆಂಪು, ನೀಲಿ ಚಾನೆಲ್‌ಗಳನ್ನು ಗುಣಿಸುತ್ತದೆ. ಹಸಿರಿಗಿಂತ ಅವುಗಳ ನಾಯ್ಸ್ ಹೆಚ್ಚು ಹಿಗ್ಗಿ, ಕಡುಗಪ್ಪಿನ ಜಾಗಗಳು ಕೆಂಪು–ನೀಲಿಯ ಮಿಶ್ರಣಕ್ಕೆ ತಿರುಗುತ್ತವೆ. ಸ್ಥಳದಲ್ಲಿ ಪರದೆಯ ಹೊಳಪನ್ನು ನಂಬದೆ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗೆ ಎಷ್ಟೆಷ್ಟು ಪಿಕ್ಸೆಲ್‌ಗಳಿವೆ ಎಂಬ ನಕ್ಷೆ) ನೋಡುವುದು, ಅದರಲ್ಲಿ ಮರಳಿನ ಗುಡ್ಡೆ ನಡುವಿನ ಹತ್ತಿರ ಬರುವಂತೆ ಸಮಯ ಕೊಡುವುದು ಇದಕ್ಕೆ ಪರಿಹಾರ.

ಚಂದ್ರನ ಬಿಂಬದ ಕಥೆ ಪೂರ್ತಿ ಬೇರೆ. ಅದು ಬಿಸಿಲಲ್ಲಿರುವ ನೆಲ. ಎಫ್/11ಕ್ಕೆ ಐಎಸ್‌ಒದಷ್ಟೇ ಭಾಗದ ಸೆಕೆಂಡ್ (ಐಎಸ್‌ಒ 100ಕ್ಕೆ 1/100) ಅನ್ನುವ ಹಳೆಯ ಸೂತ್ರ ಅದಕ್ಕೆ ಇಂದಿಗೂ ಸಾಕು. 20 ಸೆಕೆಂಡ್‌ನ ಫ್ರೇಮ್‌ಗೂ 1/125ರ ಫ್ರೇಮ್‌ಗೂ ನಡುವೆ 16 ಸ್ಟಾಪ್‌ಗಿಂತ ಹೆಚ್ಚಿನ ಅಂತರವಿದೆ. ಯಾವ ಹೈಲೈಟ್ ಸ್ಲೈಡರೂ ಇಷ್ಟನ್ನು ವಾಪಸು ತರಲಾರದು. ಮೂರೂ ಚಾನೆಲ್ ತುಂಬಿ ಹರಿದ ಜಾಗದಲ್ಲಿ ಹೈಲೈಟ್ ರಿಕನ್‌ಸ್ಟ್ರಕ್ಷನ್ ಒತ್ತಿದರೆ ಸಿಗುವುದು ಬೂದು ಅಥವಾ ಗುಲಾಬಿ ತೇಪೆ. ಚಂದ್ರ ಚೌಕಟ್ಟಿನೊಳಗೆ ಇದ್ದಾನೆಂದರೆ ಎರಡನೇ ಫೈಲ್ ಬೇಕೇ ಬೇಕು.

ರಾ ಹಂತ

ಎರಡನೇ ಸುತ್ತಿಗೆ ಆರಿಸಿಕೊಂಡದ್ದು ರಾಥೆರಪಿ ಎಂಬ, ರಾ ಫೈಲ್ ಸಂಸ್ಕರಿಸುವ ಸಾಫ್ಟ್‌ವೇರ್. ಕಾಸು ಕೊಡಬೇಕಾಗಿಲ್ಲ ಎಂಬುದು ಒಂದು ಕಾರಣ. ಕಪ್ಪು ಫ್ರೇಮ್ ಕಳೆಯುವ ಸೌಲಭ್ಯ ಅದರೊಳಗೇ ಇದೆ ಎಂಬುದು ಇನ್ನೂ ದೊಡ್ಡ ಕಾರಣ.

ಫೈಲ್ ತೆರೆದೊಡನೆ ರಾಥೆರಪಿ ಕ್ಯಾಮೆರಾದ ಜೆಪೆಗ್‌ಗೆ ಹೊಂದುವ ಕರ್ವ್ ಒಂದನ್ನು ತಾನೇ ಹಾಕಿರುತ್ತದೆ. ರಾತ್ರಿ ಚಿತ್ರಕ್ಕೆ ಅದು ಬೇಡ. ಪ್ರೊಫೈಲ್ ಪಟ್ಟಿಯಿಂದ ನ್ಯೂಟ್ರಲ್ ಆರಿಸಿಕೊಂಡು ಸೊನ್ನೆಯಿಂದ ಹೊರಡಬೇಕು. ಮೊದಲು ಹೋಗಬೇಕಾದ್ದು ರಾ ಟ್ಯಾಬ್‌ಗೆ. ಅಲ್ಲಿ ಡಾರ್ಕ್ ಫ್ರೇಮ್ ಎಂಬಲ್ಲಿ ಕಪ್ಪು ಫ್ರೇಮ್ ಕೊಡಬೇಕು. ಫೋಲ್ಡರನ್ನು ಪ್ರಿಫರೆನ್ಸಸ್‌ನಲ್ಲಿ ತೋರಿಸಿಕೊಟ್ಟರೆ ಅದೇ ಕ್ಯಾಮೆರಾ, ಐಎಸ್‌ಒ, ಸಮಯಕ್ಕೆ ಹೊಂದುವವನ್ನು ತಾನೇ ಹುಡುಕಿ, ಹಲವಿದ್ದರೆ ಸರಾಸರಿ ಮಾಡಿಕೊಳ್ಳುತ್ತದೆ. ನಮ್ಮ ಕಡೆ ಈ ಹೆಜ್ಜೆಯನ್ನು ಬಿಡುವಂತಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವವೂ ಕರಾವಳಿಯಲ್ಲಿ 20 ಡಿಗ್ರಿಗಿಂತ ಬಹಳ ಕೆಳಗಿಳಿಯುವುದು ಅಪರೂಪ. ಸೆನ್ಸರ್ ಬಿಸಿಯಾದಷ್ಟೂ ಹಾಟ್ ಪಿಕ್ಸೆಲ್‌ಗಳು (ಬೆಳಕು ಬೀಳದೆಯೂ ಹೊಳೆಯುವ ಪಿಕ್ಸೆಲ್‌ಗಳು) ಹೆಚ್ಚುತ್ತವೆ, ಆರೆಂಟು ಡಿಗ್ರಿ ಏರಿದರೆ ಸೆನ್ಸರ್‌ನ ಕತ್ತಲ ಪ್ರವಾಹ ಸುಮಾರು ಇಮ್ಮಡಿ. ಕಪ್ಪು ಫ್ರೇಮನ್ನು ಮನೆಯಲ್ಲಿ ಫ್ಯಾನ್ ಕೆಳಗೆ ತೆಗೆದರೆ ಲೆಕ್ಕ ತಪ್ಪುತ್ತದೆ. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ತೆಗೆದಿರಬೇಕು.

ಹಾಟ್ ಪಿಕ್ಸೆಲ್ ಫಿಲ್ಟರ್ ಇದೆಯಲ್ಲ, ಅದನ್ನೇ ಹಾಕಿದರಾಗದೇ ಎಂದು ಕೇಳಬಹುದು. ಒಂಟಿಯಾಗಿ ಹೊಳೆಯುವ ಪಿಕ್ಸೆಲ್‌ಗಳನ್ನೆಲ್ಲ ಅಳಿಸುವುದು ಅದರ ಕೆಲಸ. ಚಿಕ್ಕ ನಕ್ಷತ್ರಕ್ಕೂ ಹಾಟ್ ಪಿಕ್ಸೆಲ್‌ಗೂ ಅದಕ್ಕೆ ಭೇದ ಗೊತ್ತಾಗದೆ ಹೋಗಬಹುದು. ಹುಣ್ಣಿಮೆಯ ಆಕಾಶದಲ್ಲಿ ಮೊದಲೇ ನಕ್ಷತ್ರಗಳು ಬೆರಳೆಣಿಕೆಯವು. ಪುಷ್ಯ ಹುಣ್ಣಿಮೆಯ ಚಂದ್ರ ಇರುವುದೇ ಪುನರ್ವಸು, ಪುಷ್ಯ ನಕ್ಷತ್ರಗಳ ಆಸುಪಾಸಿನಲ್ಲಿ. ಪುನರ್ವಸುವಿನ ಜೋಡಿ ತಾರೆಗಳು ಈ ಚಿತ್ರದಲ್ಲಿ ಚಂದ್ರನ ಪ್ರಭೆಯ ಹತ್ತಿರವೇ ಇವೆ. ತಿಂಗಳಿಗೆ ಹೆಸರು ಬಂದದ್ದೇ ಆ ನೆರೆಹೊರೆಯಿಂದ; ಅವನ್ನು ಕಳೆದುಕೊಂಡರೆ ಅದು ಯಾವ ಹುಣ್ಣಿಮೆಯದಾದರೂ ಆಗಬಹುದಾದ ಚಿತ್ರ. ಹಾಗಾಗಿ ಫಿಲ್ಟರ್ ಆಫ್, ಕಪ್ಪು ಫ್ರೇಮ್ ಕಳೆದ ಮೇಲೂ ಉಳಿದ ನಾಲ್ಕಾರು ಚುಕ್ಕಿಗಳನ್ನು ಕೊನೆಯಲ್ಲಿ ಕೈಯಿಂದಲೇ ತೆಗೆದದ್ದು.

ಲೆನ್ಸ್ ಕರೆಕ್ಷನ್ ಮಾಮೂಲು: ಪಟ್ಟಿಯಿಂದ ಲೆನ್ಸ್ ಆರಿಸಿ ವಿಗ್ನೆಟಿಂಗ್ (ಮೂಲೆಗಳ ಕಪ್ಪು), ಡಿಸ್ಟಾರ್ಷನ್ (ಗೆರೆಗಳ ಬಾಗು) ಎರಡರ ತಿದ್ದುಪಡಿಯನ್ನೂ ಹಾಕುವುದು. ಎಲ್ಲ ಫ್ರೇಮ್‌ಗಳಿಗೂ ಒಂದೇ ಬಗೆ ಇರಲಿ, ಇಲ್ಲದಿದ್ದರೆ ಮುಂದೆ ಪದರಗಳು ಒಂದರ ಮೇಲೊಂದು ಕೂರುವುದಿಲ್ಲ. ಕ್ಯಾಮೆರಾವನ್ನು ಸುಮಾರು 14 ಡಿಗ್ರಿ ಮೇಲಕ್ಕೆ ವಾಲಿಸಿದ್ದರಿಂದ ಗೋಪುರ ಹಿಂದಕ್ಕೆ ಬಿದ್ದಂತೆ ಕಾಣುತ್ತಿತ್ತು. ಆ ಪರ್ಸ್‌ಪೆಕ್ಟಿವ್ ತಿದ್ದುಪಡಿಯನ್ನು ಇಲ್ಲಿ ಮಾಡದೆ ಪದರ ಕೂಡಿಸಿದ ಮೇಲೆ, ಅದೂ ಅರ್ಧಕ್ಕರ್ಧ ಮಾತ್ರ ಮಾಡಲಾಯಿತು. ಪೂರ್ತಿ ನೆಟ್ಟಗೆ ಮಾಡಿದರೆ ಚಂದ್ರ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತಾನೆ.

ಬಣ್ಣ: ಎಷ್ಟು ನೀಲಿ

ಬೆಳದಿಂಗಳ ಬಣ್ಣದ ತಾಪಮಾನ ಸುಮಾರು 4100 ಕೆಲ್ವಿನ್, ಬಿಸಿಲಿಗಿಂತ ಒಂದಿಷ್ಟು ಹಳದಿ ಕಡೆಗೇ. ಆದರೂ ನಮ್ಮ ಕಣ್ಣಿಗೆ ಅದು ನೀಲಿಯಾಗಿ ತೋರುತ್ತದೆ. ಮಂದ ಬೆಳಕಿನಲ್ಲಿ ಕಣ್ಣಿನ ದಂಡಕೋಶಗಳು ಕೆಲಸಕ್ಕೆ ಇಳಿಯುತ್ತವೆ. ಅವು ನೀಲಿ–ಹಸಿರಿಗೆ ಚುರುಕು, ಕೆಂಪಿಗೆ ಹೆಚ್ಚುಕಡಮೆ ಕುರುಡು. ಪುರ್ಕಿಂಜೆ ಪರಿಣಾಮ ಎನ್ನುವುದು ಇದನ್ನೇ. ಕ್ಯಾಮೆರಾಗೆ ದಂಡಕೋಶಗಳಿಲ್ಲ. ಆದ್ದರಿಂದ 4100 ಇಟ್ಟರೆ ಅಳತೆಗೆ ಸರಿ, ನೋಟಕ್ಕೆ ಹಗಲು. ಮೊದಲ ಎಡಿಟ್‌ನ ಟಂಗ್‌ಸ್ಟನ್, ಅಂದರೆ 2850ರ ಸುಮಾರು, ಇನ್ನೊಂದು ತುದಿ; ಸಾಫ್ಟ್‌ವೇರ್‌ನಲ್ಲಿ ಈ ಅಂಕಿ ಇಳಿದಷ್ಟೂ ಚಿತ್ರ ನೀಲಿ. ಅದು ಸಿನಿಮಾಗಳಲ್ಲಿ ಹಗಲಲ್ಲೇ ಚಿತ್ರೀಕರಿಸಿ ನೀಲಿ ಬಳಿದ ರಾತ್ರಿಯ ಬಣ್ಣ. ಕಾಪುವಿನ ಮರಳಲ್ಲಿ ನಿಂತವರಾರೂ ಅಂಥ ನೀಲಿ ಕಂಡಿರಲಾರರು.

ಇಲ್ಲಿ ನಿಂತದ್ದು 3800ಕ್ಕೆ, ಟಿಂಟ್ ಹಾಗೇ ಬಿಟ್ಟು. ನೀಲಿ ಎಂದು ಬೆರಳಿಟ್ಟು ತೋರಿಸಲಾಗದು, ಆದರೆ ಬೆಚ್ಚಗಿಲ್ಲ ಎಂದು ಗೊತ್ತಾಗುತ್ತದೆ. ಇದಕ್ಕಿಂತ ಮುಖ್ಯವಾದ ಕೆಲಸ ಬಣ್ಣದ ಗಾಢತೆ ತಗ್ಗಿಸುವುದು. ಬೆಳದಿಂಗಳಲ್ಲಿ ಕಣ್ಣಿಗೆ ಬಣ್ಣವೇ ಕಮ್ಮಿ, ಹಾಗಾಗಿ ಸ್ಯಾಚುರೇಷನ್ ಒಟ್ಟಾರೆ 20 ಇಳಿಕೆ. ಕೆಂಪು, ಕಿತ್ತಳೆಗಳನ್ನು ಎಚ್‌ಎಸ್‌ವಿ ಈಕ್ವಲೈಸರ್‌ನಲ್ಲಿ ಪ್ರತ್ಯೇಕವಾಗಿ ಕಪ್ಪಿನ ಕಡೆಗೆ ಎಳೆಯಬೇಕು. ಕಡಲಿಗೆ ಮುಖ ಮಾಡಿದ ಈ ಚಿತ್ರದಲ್ಲಿ ಕೆಂಪು ಅಷ್ಟಿಲ್ಲ. ಆದರೆ ಇದೇ ತೀರದಿಂದ ಊರ ಕಡೆ ತಿರುಗಿ ಮಂಗಳೂರು ಹಂಚಿನ ಮಾಡು, ಮುರಕಲ್ಲಿನ ಕಂಪೌಂಡು ಇರುವ ಮನೆಯನ್ನು ತೆಗೆದರೆ ಇದರ ಮಹತ್ವ ತಿಳಿಯುತ್ತದೆ. ಬೆಳದಿಂಗಳಲ್ಲಿ ಹಂಚು ಕಂದುಗಪ್ಪಾಗಿ ಕಾಣುವುದು, ತೆಂಗಿನ ಗರಿ ಅದಕ್ಕಿಂತ ಬೆಳ್ಳಗೆ ಮಿನುಗುವುದು ನಮ್ಮ ಕಣ್ಣಿನ ರೂಢಿ. ಹಂಚು ಇಟ್ಟಿಗೆ ಕೆಂಪಾಗಿಯೇ ಉಳಿದರೆ ಎಷ್ಟು ಕತ್ತಲು ಮಾಡಿದರೂ ಅದು ಮೋಡ ಕವಿದ ಮಧ್ಯಾಹ್ನವೇ.

ತೀರದ ಬದಿಯ ದೀಪದ ಕಿತ್ತಳೆ ಬೆಳಕು ಬಂಡೆಯ ಒಂದು ಮಗ್ಗುಲಿಗೆ ಬಿದ್ದಿತ್ತು. ಮೊದಲ ಎಡಿಟ್‌ನ ಟಂಗ್‌ಸ್ಟನ್‌ಗಿಂತ 3800ರಲ್ಲಿ ಅದು ಇನ್ನಷ್ಟು ಕಡುವಾಗಿ ಕಂಡಿತು. ಸೋಡಿಯಂ ದೀಪದ ಬೆಳಕಿನಲ್ಲಿ ಬಣ್ಣಗಳೇ ಕೆಲವು. ವೈಟ್ ಬ್ಯಾಲೆನ್ಸ್ ಎಷ್ಟೇ ತಿರುಗಿಸಿದರೂ ಕಲ್ಲಿನ ನಿಜ ಬಣ್ಣ ಹುಟ್ಟಿಬರುವುದಿಲ್ಲ, ಬೂದು ಮಸಿ ಬಳಿದಂತಾಗುತ್ತದೆ. ಲೋಕಲ್ ಅಡ್ಜಸ್ಟ್‌ಮೆಂಟ್ಸ್‌ನಲ್ಲಿ ಆ ಜಾಗಕ್ಕೊಂದು ಸ್ಪಾಟ್ ಇಟ್ಟು ಬಣ್ಣದ ಗಾಢತೆ 30, ಬೆಳಕು ಅರ್ಧ ಸ್ಟಾಪ್ ಇಳಿಸಿದ್ದು ಸಾಕಾಯಿತು. ದೀಪ ಇದೆ ಎಂಬ ಸುಳಿವು ಉಳಿಯಲಿ. ತೀರದಲ್ಲಿ ದೀಪ ಇತ್ತು ತಾನೇ?

ರಾಥೆರಪಿಯ ಬದಲು ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರ್ ಬಳಸುವವರಿಗೆ ಇಲ್ಲೊಂದು ಎಚ್ಚರಿಕೆ. ಅದರ ಈಗಿನ ಆವೃತ್ತಿಗಳಲ್ಲಿ ಬಣ್ಣದ ತಾಪಮಾನವನ್ನು ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲ್‌ನಲ್ಲಿ ಕೊಡಬೇಕು, ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಕ್ಯಾಮೆರಾ ರೆಫರೆನ್ಸ್‌ನಲ್ಲೇ ಬಿಡಬೇಕು. ಎರಡನ್ನೂ ತಿರುಗಿಸಿದರೆ ತಿದ್ದುಪಡಿ ಎರಡು ಸಲ ಆಗಿ ಚರ್ಮ, ಮರಳು, ಮೋಡ ಯಾವುದೂ ನೆಟ್ಟಗಿರುವುದಿಲ್ಲ. ಎರಡು ಬಗೆಯ ಬೆಳಕಿದ್ದರೆ ಮಾಡ್ಯೂಲ್‌ನ ಎರಡು ಪ್ರತಿ ಇಟ್ಟು, ಒಂದಕ್ಕೆ ಮಾಸ್ಕ್ (ಪರಿಣಾಮ ಎಲ್ಲಿ ಬೀಳಬೇಕೆಂದು ಗುರುತಿಸುವ ಮುಸುಕು), ಇನ್ನೊಂದಕ್ಕೆ ಅದೇ ಮಾಸ್ಕಿನ ತಿರುವು ಕೊಡಬೇಕು. ಕಪ್ಪು ಫ್ರೇಮ್ ಕಳೆಯುವ ಸೌಲಭ್ಯ ಅದರಲ್ಲಿಲ್ಲ, ಹಾಗಾಗಿ ಕ್ಯಾಮೆರಾದಲ್ಲೇ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಹಾಕಿಟ್ಟುಕೊಳ್ಳುವುದು ವಾಸಿ. ಒಂದೊಂದು ಚಿತ್ರಕ್ಕೂ ಇಮ್ಮಡಿ ಸಮಯ ಹಿಡಿಯುತ್ತದೆ, ಅಷ್ಟೇ.

ಇಳಿಸುವ ಪ್ರಮಾಣ, ನಾಯ್ಸ್

20 ಸೆಕೆಂಡ್‌ನ ಫೈಲ್‌ಗೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ −1.2. ಬೆಳದಿಂಗಳು ಬಿದ್ದ ಮರಳು ಆಗ, ಕಪ್ಪು 0, ಬಿಳಿ 100 ಎಂಬ ಅಳತೆಯಲ್ಲಿ, ಶೇಕಡಾ 30ರ ಆಸುಪಾಸಿಗೆ ಬರುತ್ತದೆ. ಹಗಲಿನ ಚಿತ್ರದಲ್ಲಿ ಅದು 50ರ ಹತ್ತಿರ ಇರುತ್ತಿತ್ತು. 20ಕ್ಕಿಂತ ಇಳಿಸಿದರೆ ಪ್ರಿಂಟ್‌ನಲ್ಲಿ ಬಂಡೆಯ ಸೀಳುಗಳು ಮುಚ್ಚಿಹೋಗುತ್ತವೆ, 40ಕ್ಕೆ ಏರಿಸಿದರೆ ಮತ್ತೆ ಹಗಲು. ಈ 30 ಎಂಬುದು ನಿಯಮವಲ್ಲ, ಆದರೆ ಕಡಲತೀರದ ಚಿತ್ರಗಳಲ್ಲಿ ಹೊರಡಲು ಒಳ್ಳೆಯ ಜಾಗ. ಶ್ಯಾಡೋ ಸ್ಲೈಡರ್ ಮುಟ್ಟಲೇ ಇಲ್ಲ. ಬಂಡೆಯ ಬುಡದ ನೆರಳು ಕಪ್ಪಾಗಿಯೇ ಇರಬೇಕು. ಬೆಳದಿಂಗಳ ನೆರಳು ಎಷ್ಟು ಗಡುಸು ಎಂಬುದೇ ಅದು ಬೆಳದಿಂಗಳು ಎಂಬುದಕ್ಕೆ ಸಾಕ್ಷಿ.

ಒಳ್ಳೆಯ ಬೆಳಕಿನ ಫೈಲನ್ನು ಇಳಿಸಿದ್ದರಿಂದ ನಾಯ್ಸ್ ತಾನಾಗಿಯೇ ಕೆಳಗೆ ಹೋಯಿತು. ಬಣ್ಣದ ನಾಯ್ಸ್‌ಗೆ ಕ್ರೋಮಿನೆನ್ಸ್ ಆಟೋ ಸಾಕಿತ್ತು, ಹೊಳಪಿನ ನಾಯ್ಸ್‌ಗೆ ಲ್ಯೂಮಿನೆನ್ಸ್ 15. ರಾಥೆರಪಿಯಲ್ಲಿ ಇದರ ಪರಿಣಾಮ ಸರಿಯಾಗಿ ಕಾಣುವುದು 100 ಶೇಕಡಾ ಜೂಮ್‌ನಲ್ಲಿ ಮಾತ್ರ. ಇಡೀ ಚಿತ್ರ ನೋಡುತ್ತ ಏನೂ ಆಗುತ್ತಿಲ್ಲ ಎಂದು ಸ್ಲೈಡರನ್ನು 70ಕ್ಕೆ ಒಯ್ದು, ಹೊರತೆಗೆದ ಫೈಲ್‌ನಲ್ಲಿ ಮರಳೆಲ್ಲ ಮೇಣವಾಗಿರುವುದು ಸಾಮಾನ್ಯವಾಗಿ ಕಾಣುವ ಎಡವಟ್ಟು. ಸಣ್ಣ ಕಾಳಿನ ನಾಯ್ಸ್ ಉಳಿಸಿದ್ದಕ್ಕೆ ಇನ್ನೊಂದು ಲಾಭವಿದೆ. ಆಕಾಶದ ಬಳೆಗಳು ಮೂಡುವುದು ನಯವಾದ ಬಣ್ಣದಿಳಿತವನ್ನು 8 ಬಿಟ್‌ನ 256 ಮೆಟ್ಟಿಲುಗಳಿಗೆ ಕತ್ತರಿಸಿದಾಗ. ಆ ಕಾಳು ಮೆಟ್ಟಿಲಿನ ಅಂಚನ್ನು ಚೆದುರಿಸಿ ಬಳೆಯನ್ನು ಮರೆಮಾಡುತ್ತದೆ. ಮೊದಲ ಎಡಿಟ್‌ನಲ್ಲಿ ನಾಯ್ಸನ್ನು ಉಜ್ಜಿ ತೆಗೆದು, ಜೆಪೆಗ್‌ನಲ್ಲಿ ಉಳಿಸಿ, ಅದರ ಮೇಲೆ ಹೇಜ್ ರಿಮೂವಲ್ ಎಳೆದಿದ್ದರು. ಬಳೆಗಳು ಏಳದೆ ಇನ್ನೇನು? ದೀಪಸ್ತಂಭದ ಬಿಳಿ ಅಂಚೂ ಹೇಜ್ ರಿಮೂವಲ್‌ನ ಕೊಡುಗೆಯೇ. ಕಡಲ ಮೇಲಿನ ತೇವದ ಗಾಳಿಯಲ್ಲಿ ಚಂದ್ರನ ಸುತ್ತ ಹಬ್ಬುವ ಪ್ರಭೆ ಕರಾವಳಿಯ ರಾತ್ರಿಯ ಸೊತ್ತು, ಅದನ್ನು ಕೆರೆದು ತೆಗೆಯುವ ಅಗತ್ಯವಾದರೂ ಏನು?

ಪದರ ಕೂಡಿಸುವುದು

20 ಸೆಕೆಂಡ್, 1.3 ಸೆಕೆಂಡ್, ಚಂದ್ರನದು, ಈ ಮೂರು ಫ್ರೇಮ್‌ಗಳನ್ನು 16 ಬಿಟ್ ಟಿಫ್ ಆಗಿ ಹೊರತೆಗೆದು ಗಿಂಪ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪದರಗಳಾಗಿ ತೆರೆಯಲಾಯಿತು. 20 ಸೆಕೆಂಡ್‌ನ ಪಿಪಿ3 ಪ್ರೊಫೈಲನ್ನೇ (ರಾಥೆರಪಿಯ ಸೆಟ್ಟಿಂಗ್‌ಗಳ ಫೈಲ್) ಉಳಿದೆರಡಕ್ಕೂ ಅಂಟಿಸಿ, ಎಕ್ಸ್‌ಪೋಷರ್ ಮಾತ್ರ ಬದಲಿಸಿದ್ದು: 1.3 ಸೆಕೆಂಡ್‌ನದಕ್ಕೆ +1, ಚಂದ್ರನದಕ್ಕೂ +1. ಹಾಗೆ ಅಂಟಿಸುವಾಗ ಡಾರ್ಕ್ ಫ್ರೇಮ್ ಆಯ್ಕೆಯನ್ನು ತೆಗೆದುಹಾಕಲು ಮರೆಯಬಾರದು. 20 ಸೆಕೆಂಡ್‌ನ ಕಪ್ಪು ಫ್ರೇಮನ್ನು 1/125ರ ಚಿತ್ರದಿಂದ ಕಳೆದರೆ ಹಾಟ್ ಪಿಕ್ಸೆಲ್ ಇದ್ದಲ್ಲೆಲ್ಲ ಕಪ್ಪು ತೂತು ಬೀಳುತ್ತದೆ.

ಎಚ್‌ಡಿಆರ್ ಮರ್ಜ್, ಅಂದರೆ ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನು ಸಾಫ್ಟ್‌ವೇರೇ ಕೂಡಿಸುವುದು, ಇಲ್ಲಿ ನಡೆಯುವುದಿಲ್ಲ. ಅಲೆಗಳು ಒಂದೊಂದು ಫ್ರೇಮ್‌ನಲ್ಲಿ ಒಂದೊಂದು ಕಡೆ. ಚಂದ್ರನೂ ನಿಂತಿಲ್ಲ, ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. ಕೈಯಿಂದಲೇ ಮಾಸ್ಕ್ ಬರೆಯಬೇಕು.

ಬುಡದಲ್ಲಿ 20 ಸೆಕೆಂಡ್‌ನ ಪದರ. ಅದರಲ್ಲಿ ಚಂದ್ರನಿರುವ ಜಾಗ ಉಕ್ಕಿ ಹರಿದು, ನಿಜ ಬಿಂಬದ ಮೂರ್ನಾಲ್ಕು ಪಟ್ಟು ಅಗಲದ ಬಿಳಿ ಗುಡ್ಡೆಯಾಗಿತ್ತು. ಅದರ ಮೇಲೆ 1.3 ಸೆಕೆಂಡ್‌ನ ಪದರ. ಮಾಸ್ಕ್ ಪೂರ್ತಿ ಕಪ್ಪು ಮಾಡಿ, ಚಂದ್ರನ ನಡುವಿನಿಂದ ಹೊರಗೆ ಸುಮಾರು 600 ಪಿಕ್ಸೆಲ್‌ವರೆಗೆ ಬಿಳಿಯಿಂದ ಕಪ್ಪಿಗೆ ಇಳಿಯುವ ದುಂಡು ಗ್ರೇಡಿಯಂಟ್ ಎಳೆದದ್ದು. ಪುನರ್ವಸುವಿನ ತಾರೆಗಳು ಪ್ರಭೆಯಿಂದ ಬಿಡಿಸಿಕೊಂಡು ಕಂಡದ್ದು ಈ ಹೆಜ್ಜೆಯಲ್ಲಿ. ಗ್ರೇಡಿಯಂಟ್ ಚಿಕ್ಕದಾದರೆ ಚಂದ್ರನ ಸುತ್ತ ಕಪ್ಪು ಹೊಂಡ ಬೀಳುತ್ತದೆ. ಗೋಪುರದ ತುದಿಯ ದೀಪದ ಕೋಣೆಗೂ ಇದೇ ಪದರ ಒದಗಿತು. 20 ಸೆಕೆಂಡ್‌ನಲ್ಲಿ ಅದು ಸುಟ್ಟುಹೋಗಿತ್ತು. ಅಲ್ಲಿ ಮೆತ್ತನೆ ಕುಂಚದಿಂದ, 40 ಶೇಕಡಾ ಅಪಾಸಿಟಿಯಲ್ಲಿ ಎರಡು ಸಲ ಎಳೆದರೆ ಸಾಕು.

ಎಲ್ಲಕ್ಕೂ ಮೇಲೆ ಚಂದ್ರನ ಪದರ. ಲೈಟನ್ ಮೋಡ್‌ನಲ್ಲಿ ಹಾಕಿದರೆ ಕೆಳಗಿನ ಬಿಳಿಯೇ ಗೆಲ್ಲುತ್ತದೆ. ಹಾಗಾಗಿ ನಾರ್ಮಲ್ ಮೋಡ್, ಬಿಂಬದ ಅಂಚಿಗೆ ಸರಿಯಾಗಿ ಎಲಿಪ್ಸ್ ಆಯ್ಕೆ, ಎರಡು ಪಿಕ್ಸೆಲ್ ಫೆದರ್ (ಅಂಚಿನ ಮಸುಕು). ಪದರವನ್ನು ಕೆಳಗಿನ ಗುಡ್ಡೆಯ ನಡುವಿಗೆ ಸರಿಸಿ ಕೂರಿಸಬೇಕು. ಚಂದ್ರನ ಮೈಮೇಲಿನ ಕಲೆಯೆಲ್ಲ ಕಾಣಲಿ ಎಂದು ಬೂದು ಬಣ್ಣದಲ್ಲೇ ಬಿಟ್ಟರೆ ಆಕಾಶಕ್ಕೆ ಹಳೇ ಎಂಟಾಣೆ ಅಂಟಿಸಿದ ಹಾಗಿರುತ್ತದೆ. ಆ ದೃಶ್ಯದಲ್ಲಿ ಅತ್ಯಂತ ಬೆಳ್ಳಗಿರುವುದು ಚಂದ್ರನೇ ಆಗಬೇಕು. ಬೆಳ್ಳನೆಯ ಭಾಗ 95 ಶೇಕಡಾ, ಕಲೆಗಳು 80ರ ಸುಮಾರು, ಇಷ್ಟರಲ್ಲಿ ಕಣ್ಣಿಗೆ ಹೊಳಪೂ ಉಂಟು, ಕಲೆಯೂ ಉಂಟು. ಬಣ್ಣ ಮಾತ್ರ ಅವನಿಗೆ ಬೇರೆ: 4300 ಕೆಲ್ವಿನ್. 25 ಡಿಗ್ರಿ ಎತ್ತರದ ಚಂದ್ರ ಕರಾವಳಿಯ ಗಾಳಿಯಲ್ಲಿ ತುಸು ಹಳದಿ ಇರುವುದೇ ಸಹಜ.

ಗಾತ್ರದ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. 24 ಮಿ.ಮೀ. ಲೆನ್ಸ್‌ನಲ್ಲಿ ಚಂದ್ರನ ಬಿಂಬ ಸೆನ್ಸರ್ ಮೇಲೆ 0.22 ಮಿ.ಮೀ., ಅಂದರೆ ಸುಮಾರು 36 ಪಿಕ್ಸೆಲ್. ಪ್ರಿಂಟ್‌ನಲ್ಲಿ 4 ಮಿ.ಮೀ.ಗೂ ಕಡಮೆ. 300 ಮಿ.ಮೀ.ನಲ್ಲಿ ತೆಗೆದ 450 ಪಿಕ್ಸೆಲ್‌ನ ಚಂದ್ರನನ್ನು ತಂದು ಇಲ್ಲಿ ಕೂರಿಸುವ ಆಸೆ ಬಹಳ ಮಂದಿಗೆ ಬರುತ್ತದೆ. ಗೋಡೆಯ ಮೇಲೆ ಅದು ಭರ್ಜರಿಯಾಗಿಯೇ ಕಾಣಬಹುದು, ಆದರೆ ಅಂಥ ಚಂದ್ರ ಕಾಪುವಿನ ಮೇಲೆ ಯಾವತ್ತೂ ಮೂಡಿಲ್ಲ. ದೊಡ್ಡ ಚಂದ್ರ ಬೇಕಿದ್ದರೆ ದೂರ ಹೋಗಿ ನಿಂತು, ಉದ್ದ ಲೆನ್ಸ್‌ನಲ್ಲಿ ಗೋಪುರ, ಚಂದ್ರ ಎರಡನ್ನೂ ಒಟ್ಟಿಗೆ ಹಿಡಿಯುವ ದಾರಿ ಇದೆ.

ಹಸಿರು ಚುಕ್ಕೆ ಉಳಿದಿತ್ತು. ಚೌಕಟ್ಟಿನ ನಟ್ಟನಡುವಿನಿಂದ ಚಂದ್ರನಿಗೆ 780 ಪಿಕ್ಸೆಲ್, ಅದೇ ಗೆರೆಯಲ್ಲಿ ಆಚೆ ಬದಿಗೆ ಚುಕ್ಕೆಗೂ ಅಷ್ಟೇ ದೂರ. ಇಷ್ಟು ಅಳೆದರೆ ಸಾಕು, ಅದು ದೋಣಿಯಲ್ಲ. ಸೆನ್ಸರ್‌ನಿಂದ ಹಿಂದಿರುಗಿದ ಚಂದ್ರನ ಬೆಳಕು ಲೆನ್ಸ್ ಮುಂದಿನ ಯುವಿ ಫಿಲ್ಟರ್‌ಗೆ ಬಡಿದು ಮರಳಿ ಬಂದ ಪ್ರತಿಬಿಂಬ. ಹೀಲ್ ಟೂಲ್‌ನಿಂದ ಒಂದೇ ಏಟಿಗೆ ಹೋಯಿತು. ಉಪ್ಪು ಹನಿಗೆ ಹೆದರಿ ಫಿಲ್ಟರ್ ಹಾಕಿಕೊಂಡು ಬರುವುದು ಇಲ್ಲಿನ ವಾಡಿಕೆ. ಚಂದ್ರ ಚೌಕಟ್ಟಿನಲ್ಲಿರುವಷ್ಟು ಹೊತ್ತು ಅದನ್ನು ಬಿಚ್ಚಿಡಿ, ಮುಗಿದ ಮೇಲೆ ಗಾಜನ್ನು ಒರೆಸಿಕೊಳ್ಳಿ. ಎಸಿ ಕೋಣೆಯಿಂದ ತಂದ ಕ್ಯಾಮೆರಾವಾದರೆ ಬ್ಯಾಗಿನಲ್ಲೇ ಅರ್ಧ ಗಂಟೆ ಇದ್ದು ಹೊರಗಿನ ಸೆಕೆಗೆ ಹೊಂದಿಕೊಳ್ಳಲಿ; ಮುಂದಿನ ಗಾಜಿಗೆ ಹಬೆ ಹಿಡಿದರೆ ಆ ಮಬ್ಬನ್ನು ಯಾವ ಸಾಫ್ಟ್‌ವೇರೂ ನೀಗಿಸದು.

ಪ್ರಿಂಟ್

ಮಾನಿಟರ್ ತಾನೇ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ಹೊಳಪು ಪೂರ್ತಿ ಏರಿಸಿಟ್ಟ ಮಾನಿಟರ್‌ನಲ್ಲಿ ಸರಿ ಕಂಡ ರಾತ್ರಿ ಚಿತ್ರ ಕಾಗದದಲ್ಲಿ ಇದ್ದಿಲು. ಎಡಿಟ್ ಮಾಡುವಾಗಲೇ ಮಾನಿಟರ್ ಹೊಳಪನ್ನು ಚದರ ಮೀಟರಿಗೆ 100 ಕ್ಯಾಂಡೆಲಾ ಸುಮಾರಿಗೆ ಇಳಿಸಿ, ಕೋಣೆಯ ದೀಪ ಹಾಕಿಕೊಂಡು ಕೂರಬೇಕು. ಪ್ರಿಂಟ್‌ಗೆಂದು ಪ್ರತ್ಯೇಕ ಪ್ರತಿ ಮಾಡಿ, ಚಿತ್ರದ ಒಂದೇ ತುಂಡನ್ನು ಇದ್ದಂತೆ, +0.3 ಸ್ಟಾಪ್, +0.6 ಸ್ಟಾಪ್ ಎಂದು ಮೂರು ಬಗೆಯಲ್ಲಿ 4×6 ಇಂಚಿನ, ಅರೆಹೊಳಪಿನ ಲಸ್ಟರ್ ಕಾಗದದ ಮೇಲೆ ತೆಗೆಸಲಾಯಿತು. ಬಂಡೆಯ ಸೀಳು, ಒದ್ದೆ ಮರಳಿನ ಮಿನುಗು ಎರಡೂ ಉಳಿದದ್ದು +0.3ರಲ್ಲಿ. ನೋಡಿದ್ದು ಹೋಂಸ್ಟೇಯ ಅದೇ ಗೋಡೆಯೆದುರು, ಸಂಜೆ ಹಾಕುವ ಅದೇ ದೀಪದ ಕೆಳಗೆ.

ಲ್ಯಾಬ್‌ಗೆ ಕೊಡುವಾಗ ಒಂದು ಮಾತು ಮರೆಯಬಾರದು. ಕತ್ತಲೆ ಚಿತ್ರ ಕಂಡರೆ ಅವರ ಯಂತ್ರ ಅಥವಾ ಆಪರೇಟರ್ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಬೆಳ್ಳಗೆ ಮಾಡಿಬಿಡುತ್ತಾರೆ. "ಸರ್, ಸ್ವಲ್ಪ ಡಾರ್ಕ್ ಉಂಟಲ್ಲ, ಬ್ರೈಟ್ ಮಾಡುವುದಾ?" ಎಂದು ಕೇಳಿದರೆ ಅದೃಷ್ಟ, ಕೇಳದೆ ಮಾಡುವುದೇ ಹೆಚ್ಚು. ಎಸ್‌ಆರ್‌ಜಿಬಿ ಫೈಲ್, 250 ಡಿಪಿಐ, ಯಾವ ಕರೆಕ್ಷನ್ನೂ ಬೇಡ ಎಂದು ಆರ್ಡರ್ ಚೀಟಿಯ ಮೇಲೆ ಬರೆಸಿ, ಒಪ್ಪಿಗೆಯಾದ 4×6 ತುಂಡನ್ನೂ ಅದಕ್ಕೆ ಪಿನ್ ಹಾಕಿ ಕೊಡಬೇಕು. ದೊಡ್ಡ ಪ್ರಿಂಟ್ ಬಂದಾಗ ಎರಡನ್ನೂ ಪಕ್ಕಪಕ್ಕ ಹಿಡಿದು, ಮರಳಿನ ಬೂದು ಎರಡರಲ್ಲೂ ಒಂದೇ ಇದೆಯೇ ಎಂದು ಕೌಂಟರ್‌ನಲ್ಲೇ ನೋಡಿ ತೆಗೆದುಕೊಳ್ಳಬೇಕು.